ಸ್ಟೀಲ್ ಗಿಟಾರಿಗೆ ತಂತಿ ಸಿಕ್ಕಿದ್ದು

ಸ್ಟೀಲ್ ಗಿಟಾರಿನ ಕತೆ ಹೇಳುವವರೆಲ್ಲ ಒಂದು ಬೋಲ್ಟಿನಿಂದ ಶುರುಮಾಡುತ್ತಾರೆ. ಹವಾಯಿಯ ಓಆಹು ದ್ವೀಪದಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಹುಡುಗನಾಗಿದ್ದಾಗ ರೈಲುಹಳಿಯ ಪಕ್ಕ ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡನಂತೆ, ಅದು ಗಿಟಾರಿನ ಮೇಲೆ ಜಾರಿದಾಗ ಹೊಸ ನಾದ ಕೇಳಿತಂತೆ. ಬೋಲ್ಟಲ್ಲ, ಬಾಚಣಿಗೆ ಎನ್ನುವವರಿದ್ದಾರೆ. ಚಾಕುವಿನ ಬೆನ್ನು ಎನ್ನುವವರೂ ಇದ್ದಾರೆ. ಇದನ್ನು ಮೊದಲು ಮಾಡಿದ್ದು ಕೆಕುಕುವೇ ಅಲ್ಲ, ಭಾರತದಲ್ಲಿ ಹುಟ್ಟಿ ಹಡಗಿನಲ್ಲಿ ಹವಾಯಿ ಸೇರಿದ್ದ ಗೇಬ್ರಿಯಲ್ ಡೇವಿಯನ್ ಎಂಬ ವಾದವೂ ಹಳೆಯದು. ತಂತಿಯ ಮೇಲೆ ಜಾರಿಸಿ ನುಡಿಸುವ ಗೋಟುವಾದ್ಯ, ವಿಚಿತ್ರವೀಣೆ ಕೇಳಿ ಬೆಳೆದ ನಮಗೆ ಆ ವಾದ ಹಿತವಾಗಿ ಕೇಳುವುದು ಸಹಜ. ಹಿತವಾಗಿದೆ ಎಂದು ಒಪ್ಪಿಬಿಡುವಂತಿಲ್ಲ. ನನ್ನ ಮಟ್ಟಿಗೆ, ಕೈಯಲ್ಲಿ ಏನಿತ್ತು ಎಂಬುದಕ್ಕಿಂತ ಆ ಕೈಯ ಕೆಳಗೆ ಎಂಥ ತಂತಿ ಇತ್ತು ಎಂಬುದೇ ದೊಡ್ಡ ಪ್ರಶ್ನೆ.

ಹವಾಯಿಗೆ ಗಿಟಾರು ಬಂದದ್ದು 1830ರ ದಶಕದಲ್ಲಿ, ದನ ಕಾಯುವ ಕೆಲಸಕ್ಕೆ ಬಂದ ಮೆಕ್ಸಿಕೊದವರ ಜೊತೆ. ಅದರ ತಂತಿ ಪ್ರಾಣಿಯ ಕರುಳಿನದು. ಬೆರಳಿನಿಂದ ಮೆಟ್ಟಿಗೆ ಒತ್ತಿ ನುಡಿಸುವಷ್ಟು ಕಾಲ ಕರುಳಿನ ತಂತಿಗೆ ಯಾವ ಕೊರತೆಯೂ ಇಲ್ಲ. ಆದರೆ ಲೋಹದ ತುಂಡಿಟ್ಟು ಜಾರಿಸಿದರೆ ಅದು ಸೋಲುತ್ತದೆ. ಕರುಳು ಹಗುರ, ಮೆದು; ಮೀಟಿದಾಗ ಸಿಕ್ಕ ಕಂಪನವನ್ನು ತನ್ನೊಳಗೇ ಬೇಗ ನುಂಗಿಕೊಳ್ಳುತ್ತದೆ. ಜಾರು ಮುಂದಿನ ಸ್ವರವನ್ನು ಮುಟ್ಟುವ ಮೊದಲೇ ನಾದ ಆರಿರುತ್ತದೆ. ಮೇಲಾಗಿ ಲೋಹ ಉಜ್ಜಿ ಉಜ್ಜಿ ಎಳೆ ಸವೆಯುತ್ತದೆ. ಕೆಕುಕು ಹೊನೊಲುಲುವಿನ ಕಾಮೆಹಾಮೆಹಾ ಬಾಲಕರ ಶಾಲೆಯಲ್ಲಿ ಓದುವಾಗ ಅಲ್ಲಿನ ವರ್ಕ್‌ಶಾಪಿನಲ್ಲಿ ನಯವಾದ ಉಕ್ಕಿನ ಸರಳೊಂದನ್ನು ಮಾಡಿಕೊಂಡ, ಕರುಳನ್ನು ತೆಗೆದು ಉಕ್ಕಿನ ತಂತಿ ಕಟ್ಟಿದ, ಸರಳು ಮೆಟ್ಟುಗಳಿಗೆ ತಾಗದಂತೆ ತಂತಿಗಳನ್ನು ಮೇಲಕ್ಕೆತ್ತಿದ. ಹೊಸ ವಾದ್ಯ ಹುಟ್ಟಿದ್ದು ಈ ಮೂರು ಕೆಲಸ ಒಟ್ಟಾಗಿ ಆದಾಗ. ಬೋಲ್ಟು ಸಿಕ್ಕ ದಿನ ಸಿಕ್ಕಿದ್ದು ಒಂದು ಸುಳಿವು ಮಾತ್ರ.

ಆ ಉಕ್ಕಿನ ತಂತಿ ಗಿಟಾರಿಗೆಂದು ಹುಟ್ಟಿದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪಿಯಾನೊಗಳು ದೊಡ್ಡದಾಗುತ್ತ ಹೋದಂತೆ ಹೆಚ್ಚು ಬಿಗಿತ ತಾಳುವ ತಂತಿ ಬೇಕಾಯಿತು. 1854ರಲ್ಲಿ ಇಂಗ್ಲೆಂಡಿನ ಜೇಮ್ಸ್ ಹಾರ್ಸ್‌ಫಾಲ್ ಉಕ್ಕಿನ ತಂತಿಯನ್ನು ಕಾಯಿಸಿ, ಹದವಾಗಿ ತಣಿಸಿ, ಆಮೇಲೆ ಅಚ್ಚಿನ ರಂಧ್ರದಲ್ಲಿ ತಣ್ಣಗೇ ಎಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಹಾಗೆ ಎಳೆದ ತಂತಿ ತೆಳ್ಳಗಾದಷ್ಟೂ ಗಟ್ಟಿ. 1866ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿಗೆ ಕವಚವಾಗಿ ಸುತ್ತಿದ್ದೂ ಈ ಹಾರ್ಸ್‌ಫಾಲ್ ಕಾರ್ಖಾನೆಯ ತಂತಿಯನ್ನೇ.

1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕಕ್ಕೆ ಹವಾಯಿ ಸಂಗೀತದ ಹುಚ್ಚು ಹಿಡಿಯಿತು. ಸಭಾಂಗಣಗಳು ದೊಡ್ಡವು, ಗಿಟಾರಿನ ದನಿ ಸಣ್ಣದು. ಸ್ವತಃ ಸ್ಟೀಲ್ ಗಿಟಾರ್ ವಾದಕನಾಗಿದ್ದ ಜಾರ್ಜ್ ಬೋಶಾಂಪ್ 1931ರಲ್ಲಿ ಕುದುರೆಲಾಳದ ಆಕಾರದ ಎರಡು ಆಯಸ್ಕಾಂತಗಳನ್ನು ತಂತಿಗಳ ಸುತ್ತ ಬಳಸಿ, ಕೆಳಗೆ ತಾಮ್ರದ ಸುರುಳಿ ಇಟ್ಟ. ತಂತಿ ನಡುಗಿದಾಗ ಆಯಸ್ಕಾಂತದ ಕ್ಷೇತ್ರವೂ ನಡುಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿತು. ಮರುವರ್ಷ ಅಲ್ಯುಮಿನಿಯಮ್ಮಿನಲ್ಲಿ ಎರಕ ಹೊಯ್ದ ಗಿಟಾರುಗಳು ಮಾರಾಟಕ್ಕೆ ಬಂದವು. ಪೇಟೆಂಟ್ ಕೈಗೆ ಸಿಕ್ಕಿದ್ದು 1937ರಲ್ಲಿ.

ಅಲ್ಲಿಗೆ ತಂತಿಯ ಆಯ್ಕೆಯ ಲೆಕ್ಕವೇ ಬದಲಾಯಿತು. ಕರುಳು ಕಟ್ಟಿದರೆ ಈ ಗಿಟಾರು ಮೂಕ. ಕಂಚಿನ ಸುತ್ತು ಹಾಕಿದ ಮಂದ್ರದ ತಂತಿಯಲ್ಲಿ ಒಳಗಿನ ಉಕ್ಕಿನ ಎಳೆಯಷ್ಟೇ ಆಯಸ್ಕಾಂತಕ್ಕೆ ಕಾಣುತ್ತದೆ. ಹಾಗಾಗಿ ಸುತ್ತಿಗೆ ನಿಕಲ್ ಬಂತು, ನಿಕಲ್ ಲೇಪದ ಉಕ್ಕು ಬಂತು, ಸ್ಟೇನ್‌ಲೆಸ್ ಸ್ಟೀಲೂ ಬಂತು. ಇಲ್ಲೊಂದು ಸೋಜಿಗವಿದೆ. ನಿಕಲ್ಲಿಗೂ ಕಬ್ಬಿಣಕ್ಕೂ ಆಯಸ್ಕಾಂತ ಅಂಟುತ್ತದೆ. ಆದರೆ ಒಳ್ಳೆಯ ದರ್ಜೆಯ ಸ್ಟೀಲ್ ಪಾತ್ರೆಗೆ ಸಾಮಾನ್ಯವಾಗಿ ಅಂಟದು, ಏಕೆಂದರೆ ಕ್ರೋಮಿಯಂ ಜೊತೆ ಶೇಕಡಾ 8ರಷ್ಟು ನಿಕಲ್ ಬೆರೆತಾಗ ಉಕ್ಕಿನ ಒಳರಚನೆಯೇ ಬೇರೆಯಾಗುತ್ತದೆ. ಅದಕ್ಕೇ ತಂತಿ ಮಾಡುವವರು ಆರಿಸಿದ್ದು ನಿಕಲ್ ಹೆಚ್ಚುಕಡಿಮೆ ಇಲ್ಲದ, ಶೇಕಡಾ 17ರಷ್ಟು ಕ್ರೋಮಿಯಂ ಇರುವ 430 ಎಂಬ ದರ್ಜೆಯನ್ನು. ಅದರ ದನಿ ಚುರುಕು, ಬಾಳಿಕೆಯೂ ಹೆಚ್ಚು, ಸರಳು ಜಾರುವಾಗ ಕೆರೆತವೂ ಹೆಚ್ಚು. ನಿಕಲ್ಲಿನ ದನಿ ಮೃದು. ಕೆರೆತ ಬೇಡವೆನ್ನುವವರಿಗೆ ಸುತ್ತಿನ ಏಣುಗಳನ್ನು ಉಜ್ಜಿ ಚಪ್ಪಟೆ ಮಾಡಿದ ತಂತಿಯೂ ಉಂಟು.

ಸುತ್ತಿಲ್ಲದ ಬರಿಯ ತಂತಿಯಲ್ಲಿ ಮಾತ್ರ ಇಂಥ ಆಯ್ಕೆಯಿಲ್ಲ. ಪೆಡಲ್ ತುಳಿದು ತಂತಿಯ ಶ್ರುತಿ ಬದಲಿಸುವ, ಹತ್ತು ತಂತಿಯ ಪೆಡಲ್ ಸ್ಟೀಲ್ ಗಿಟಾರಿನ ಮೂರನೇ ತಂತಿಯನ್ನು ನೋಡಿ. ದಪ್ಪ 0.28 ಮಿ.ಮೀ., ನಡುಗುವ ಉದ್ದ ಸುಮಾರು 61 ಸೆಂ.ಮೀ., ಶ್ರುತಿ ಜಿ-ಶಾರ್ಪ್, ಅಂದರೆ 415 ಹರ್ಟ್ಜ್. ಆಗ ಅದರ ಮೇಲೆ ಹನ್ನೆರಡೂವರೆ ಕಿಲೋ ತೂಕದ ಎಳೆತ. ಪೆಡಲ್ ತುಳಿದರೆ ಶ್ರುತಿ 440ಕ್ಕೆ ಏರುತ್ತದೆ, ಎಳೆತ ಹದಿನಾಲ್ಕು ಕಿಲೋ ಮುಟ್ಟುತ್ತದೆ. ಒಂದು ಹಾಡಿನಲ್ಲಿ ಹೀಗೆ ಎಷ್ಟು ಸಲವೋ. ದಪ್ಪ ತಂತಿ ಕಟ್ಟಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ದಪ್ಪವಾದಷ್ಟೂ ತಂತಿ ಭಾರ. ಅದೇ ಶ್ರುತಿಗೆ ತರಲು ಅಷ್ಟೇ ಪಾಲು ಹೆಚ್ಚು ಬಿಗಿಯಬೇಕು. ಒಂದು ಚದರ ಮಿಲಿಮೀಟರಿಗೆ ಬೀಳುವ ಒತ್ತಡ ಎಳ್ಳಷ್ಟೂ ಇಳಿಯದು. ಅದನ್ನು ತೀರ್ಮಾನಿಸುವುದು ಉದ್ದ, ಶ್ರುತಿ, ಲೋಹದ ಸಾಂದ್ರತೆ, ಈ ಮೂರೇ. ಪಿಯಾನೊ ತಂತಿಯ ಉಕ್ಕು ತಡೆಯಬಲ್ಲ ಗರಿಷ್ಠ ಮಿತಿಗೆ ಈ ಮೂರನೇ ತಂತಿ ತೀರಾ ಹತ್ತಿರದಲ್ಲೇ ಬದುಕುತ್ತದೆ.

ಅದು ಹರಿಯುವುದೂ ಬಹುಪಾಲು ಒಂದೇ ಜಾಗದಲ್ಲಿ: ಕುದುರೆಯ ಬಳಿ, ಪೆಡಲ್ ಎಳೆಯುವ ಲೋಹದ ಬೆರಳಿನ ಮೇಲೆ ತಂತಿ ಬಾಗುವ ಕಡೆ. ಪ್ರತಿ ತುಳಿತಕ್ಕೂ ಅಲ್ಲಿ ತಂತಿ ಕೊಂಚ ಬಾಗಿ ಕೊಂಚ ನೆಟ್ಟಗಾಗುತ್ತದೆ, ಬೆರಳಿನ ನೆತ್ತಿಯಲ್ಲಿ ಸಣ್ಣ ಗೆರೆ ಬೀಳುತ್ತದೆ, ಆ ಗೆರೆಯ ಅಂಚು ಮುಂದಿನ ತಂತಿಯನ್ನು ಇನ್ನೂ ಬೇಗ ತಿನ್ನುತ್ತದೆ. ಅನುಭವಿಗಳು ತಂತಿ ಬದಲಿಸುವಾಗಲೇ ಆ ಗೆರೆಯನ್ನು ಉಜ್ಜಿ ನಯಮಾಡಿಕೊಳ್ಳುತ್ತಾರೆ. ಮೂರನೇ ತಂತಿಯನ್ನಂತೂ ಸೆಟ್ಟಿನ ಜೊತೆಗೆ ಬಿಡಿಬಿಡಿಯಾಗಿಯೂ ಕೊಂಡಿಟ್ಟುಕೊಂಡಿರುತ್ತಾರೆ.