ಪಹಣಿಯನ್ನು ಹಿಂದಕ್ಕೆ ಓದುವವರು

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹೊಲ ಖರೀದಿಗೆ ಇಸಾರ ಕೊಡುವ ಮೊದಲು ಬಲ್ಲವರು ಕಾಗದ ಹಿಡಿದು ಹೋಗುವುದು ಹಳೆಯ ದಸ್ತಾವೇಜು ಬರಹಗಾರರ ಬಳಿ, ಇಲ್ಲವೇ ಕಂದಾಯದ ತಕರಾರುಗಳಲ್ಲಿ ಪಳಗಿದ ವಕೀಲರ ಬಳಿ. ಇವರ ನಿಜವಾದ ಕಸುಬು ಬರೆಯುವುದಲ್ಲ, ಓದುವುದು.

ಕೊಳ್ಳುವವರ ಕಣ್ಣು ಪಹಣಿಯ 9ನೇ ಕಾಲಮ್ಮಿಗೆ ಹೋಗುತ್ತದೆ. ಮಾರುವವನ ಹೆಸರು ಅಲ್ಲಿದ್ದರೆ ಅವರಿಗೆ ಸಮಾಧಾನ. ಪಳಗಿದವರು ನಿಲ್ಲುವುದು 10ರಲ್ಲಿ. ಆ ಹೆಸರು ಅಲ್ಲಿಗೆ ಬಂದದ್ದು ಹೇಗೆ? ಖರೀದಿಯೋ, ವಾಟ್ನಿಯೋ, ಪೌತಿಯೋ? ಪೌತಿಯಾದರೆ ಮರುಪ್ರಶ್ನೆ ಸಿದ್ಧ: 'ತೀರಿಹೋದವರಿಗೆ ಹೆಣ್ಣುಮಕ್ಕಳೆಷ್ಟು ಮಂದಿ ರೀ?' ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಅವರೂ ಸಮಪಾಲಿನ ಹಕ್ಕುದಾರರು. ಲಗ್ನವಾಗಿ ಸೋಲಾಪುರ ಸೇರಿದ ಅಕ್ಕನ ಸಹಿಯಿಲ್ಲದ ಕ್ರಯಪತ್ರ ಎಂದಾದರೊಂದು ದಿನ ಕೋರ್ಟಿನ ಮೆಟ್ಟಿಲು ಹತ್ತುವಂಥದ್ದೇ. ಋಣಭಾರ ಪತ್ರದಲ್ಲಿ ಏನೂ ಇಲ್ಲವೆಂದರೂ ಇವರು ಹಿಗ್ಗುವುದಿಲ್ಲ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರು ಬಾಯಿಮಾತಲ್ಲೇ ಮಾಡಿಕೊಂಡ ವಾಟ್ನಿ ಅಲ್ಲಿ ಸಿಗದು.

ಈ ಸೀಮೆಯ ಕಾಗದಗಳಿಗೆ ಇನ್ನೊಂದು ಪದರವಿದೆ. 1948ರವರೆಗೆ ಇದು ನಿಜಾಮರ ರಾಜ್ಯ. ದಫ್ತರ ಉರ್ದುವಿನಲ್ಲಿ, ವರ್ಷ ಫಸಲಿಯಲ್ಲಿ. 1357 ಎಂದು ಕಂಡರೆ 590 ಕೂಡಿಸಿ 1947-48 ಎನ್ನಲು ಇವರಿಗೆ ಅರೆಗಳಿಗೆ ಸಾಕು. 1954-55ರ ಖಾಸ್ರಾ ಪಹಣಿಯಿಂದ ಇವತ್ತಿನ 'ಭೂಮಿ' ಪಹಣಿಯವರೆಗೆ ಒಂದು ಕೊಂಡಿಯೂ ತಪ್ಪದಂತೆ ಹೊಂದಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ನಡುವೆ ಎಲ್ಲಾದರೂ 'ಮಂಜೂರಿ' ಎಂಬ ಮಾತು ಸಿಕ್ಕಿತೋ, ಉಳಿದದ್ದನ್ನೆಲ್ಲ ಬದಿಗಿಟ್ಟು ಮೂಲ ಆದೇಶ ತರಿಸುತ್ತಾರೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿಯಿಲ್ಲದೆ ಮಾರಿದ್ದರೆ 1978ರ ಕಾಯ್ದೆಯಂತೆ ಆ ಮಾರಾಟ ಊರ್ಜಿತವಲ್ಲ, ಮುಂದೆ ಎಷ್ಟು ಕೈ ದಾಟಿದ್ದರೂ ಸರಿ. ಕೊಂಡವನಿಗೆ ಇದು ಕಷ್ಟವೇ. ಆದರೆ ಬಡವನ ನೆಲ ಪುಡಿಗಾಸಿಗೆ ಹೋಗದಿರಲೆಂದೇ ಬಂದ ಕಾಯ್ದೆ ಅದು.

ಕಾಗದ ಮುಗಿದ ಮೇಲೆ ಹೊಲ. ನಾರಾಯಣಪುರ ಎಡದಂಡೆ ಕಾಲುವೆ ಹಾದುಹೋದ ಕಡೆ ಭೂಸ್ವಾಧೀನದ ಲೆಕ್ಕ ಪಹಣಿಗೆ ಇಳಿಯದೆ, ಅದರಲ್ಲಿ ನಾಲ್ಕು ಎಕರೆ, ನೆಲದ ಮೇಲೆ ಮೂರೂವರೆ ಇರುವುದುಂಟು. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ನಕ್ಷೆ ಹಿಡಿದು ಬಾಂದಕಲ್ಲು ಹುಡುಕುತ್ತಾರೆ, ಚೆಕ್ಕುಬಂದಿ ತಾಳೆ ನೋಡುತ್ತಾರೆ. ಆಮೇಲೆ ಬದುವಿನಾಚೆ ಹತ್ತಿ ಬಿಡಿಸುತ್ತಿದ್ದ ರೈತನನ್ನು ಏನೂ ಅರಿಯದವರಂತೆ ಕೇಳುತ್ತಾರೆ: 'ಕಾಕಾ, ಈ ಹೊಲ ಯಾರ್ದ್ರೀ?' ಅವನು ಬೇರೆ ಹೆಸರು ಹೇಳಿದರೆ ಇಸಾರದ ರೊಕ್ಕ ಅವತ್ತು ಕಿಸೆ ಬಿಟ್ಟು ಹೊರಬರುವುದಿಲ್ಲ.