ಅಂಟವಾಳ, ಬೂದಿ, ಹುಣಸೆ: ಮನೆಯಲ್ಲಿಯೇ ತೊಳೆಯುವ ಸಾಮಗ್ರಿ

ಕೆರೆಯ ನೀರಿನಲ್ಲಿ ಒಮ್ಮೆ ಉಜ್ಜಿದರೆ ನೊರೆ ಕೊಡುವ ಸಾಬೂನು, ಕೆಲವು ಕೊಳವೆ ಬಾವಿಗಳ ನೀರಿನಲ್ಲಿ ನಾಲ್ಕು ಸಲ ಉಜ್ಜಿದರೂ ನೊರೆ ಕೊಡುವುದಿಲ್ಲ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಜಿಡ್ಡು ಕಟ್ಟುತ್ತದೆ. ಬಿಳಿ ಅಂಗಿ ದಿನಕಳೆದಂತೆ ಮಂಕಾಗುತ್ತದೆ. ಸಾಬೂನು ಕಳಪೆ ಎಂದು ಮನೆಯವರು ಬೇರೆ ಸಾಬೂನು ತರುತ್ತಾರೆ. ಆದರೆ ಇಲ್ಲಿ ತಪ್ಪು ಸಾಬೂನಿನದಲ್ಲ, ನೀರಿನದು.

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ದುಂಡಸಿ ಅರೆಮಲೆನಾಡಿನ ಅಂಚಿನ ಊರು. ಪಶ್ಚಿಮಕ್ಕೆ ಮುಂಡಗೋಡದ ಕಡೆಯ ಎಲೆ ಉದುರಿಸುವ ಕಾಡು, ಪೂರ್ವಕ್ಕೆ ಸವಣೂರಿನ ಎರೆಭೂಮಿ. ಕಾಡಿನ ಅಂಟವಾಳ ಮತ್ತು ಸೀಗೆಕಾಯಿ, ಒಲೆಯ ಬೂದಿ, ಹಿತ್ತಲಿನ ಹುಣಸೆ ಮತ್ತು ನಿಂಬೆ ಇಲ್ಲಿನ ಮನೆಗಳಿಗೆ ಹೊಸವಲ್ಲ. ಹಿಂದಿನವರು ಇವುಗಳಿಂದಲೇ ಬಟ್ಟೆ, ಪಾತ್ರೆ, ಒಡವೆಗಳನ್ನು ತೊಳೆಯುತ್ತಿದ್ದರು. ಇವು ಹೇಗೆ ಕೆಲಸ ಮಾಡುತ್ತವೆ, ಯಾವುದಕ್ಕೆ ಯಾವುದು ತಕ್ಕದ್ದು, ಎಲ್ಲಿ ಇವು ಸಾಲುವುದಿಲ್ಲ ಎಂಬುದನ್ನು ತಿಳಿದು ಬಳಸಿದರೆ ಹಣ ಉಳಿಯುತ್ತದೆ, ಬಟ್ಟೆ ಬಾಳುತ್ತದೆ. ತಿಳಿಯದೆ ಬಳಸಿದರೆ ಕೈ, ಬಟ್ಟೆ ಎರಡೂ ಕೆಡುತ್ತವೆ.

ಮೊದಲು ನೀರನ್ನು ಪರೀಕ್ಷಿಸಿರಿ

ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ ಅದು ಗಡಸು ನೀರು. ಈ ಲವಣಗಳು ಸಾಬೂನಿನೊಡನೆ ಕೂಡಿ ನೀರಿನಲ್ಲಿ ಕರಗದ ಜಿಡ್ಡಾಗುತ್ತವೆ. ಆ ಜಿಡ್ಡೇ ಬಟ್ಟೆಯ ಎಳೆಗಳಲ್ಲಿ ಕುಳಿತು ಅದನ್ನು ಮಂಕು ಮಾಡುತ್ತದೆ. ಲವಣಗಳೆಲ್ಲ ತೀರುವವರೆಗೆ ಹಾಕಿದ ಸಾಬೂನು ವ್ಯರ್ಥವೇ.

ಪರೀಕ್ಷೆ ಸುಲಭ. ಎರಡು ಒಂದೇ ಅಳತೆಯ ಬಾಟಲಿಗಳನ್ನು ತೆಗೆದುಕೊಂಡು ಒಂದರಲ್ಲಿ ಮಳೆಯ ನೀರು, ಇನ್ನೊಂದರಲ್ಲಿ ಮನೆಯ ನೀರು ಅರ್ಧದಷ್ಟು ತುಂಬಿರಿ. ಎರಡಕ್ಕೂ ಸಮನಾಗಿ ಹೆರೆದ ಸಾಬೂನು ಹಾಕಿ ಚೆನ್ನಾಗಿ ಅಲುಗಾಡಿಸಿರಿ. ಮನೆಯ ನೀರಿನಲ್ಲಿ ನೊರೆ ಕಡಿಮೆಯಾಗಿ ನೀರು ಹಾಲಿನಂತೆ ಕದಡಿದರೆ ಅದು ಗಡಸು. ತೊಗರಿ ಬೇಳೆ ಬೇಗ ಬೇಯದಿರುವುದು, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದು ಇದರ ಇತರ ಗುರುತುಗಳು. ಇಂತಹ ನೀರಿದ್ದವರು ಮಳೆಗಾಲದಲ್ಲಿ ಹಂಚಿನ ಅಥವಾ ತಗಡಿನ ಮಾಡಿನ ನೀರನ್ನು ಹಿಡಿದಿಟ್ಟು ಬಟ್ಟೆಗೆ ಬಳಸುವುದು ಲೇಸು.

ಕೊಳೆಗೆ ತಕ್ಕ ಪದಾರ್ಥ

ಕೊಳೆ ಒಂದೇ ಬಗೆಯದಲ್ಲ. ಬೆವರು, ಎಣ್ಣೆ, ತುಪ್ಪದ ಜಿಡ್ಡು ನೀರಿಗೆ ಬಿಡುವುದಿಲ್ಲ. ಅದಕ್ಕೆ ಅಂಟವಾಳ, ಸೀಗೆಕಾಯಿಯಂತಹ ನೊರೆಯ ಪದಾರ್ಥ ಇಲ್ಲವೆ ಬೂದಿ, ಸೋಡಾದಂತಹ ಕ್ಷಾರ ಬೇಕು. ತಾಮ್ರ ಹಿತ್ತಾಳೆಯ ಕಿಲುಬು, ಕಬ್ಬಿಣದ ತುಕ್ಕು, ನೀರಿನ ಬಿಳಿ ಪದರ ಇವಕ್ಕೆ ಹುಳಿ ಬೇಕು. ಜಿಡ್ಡಿಗೆ ಹುಳಿ ಹಾಕಿದರೂ ತುಕ್ಕಿಗೆ ಬೂದಿ ಹಾಕಿದರೂ ಶ್ರಮ ವ್ಯರ್ಥ.

ಅಂಟವಾಳದ ನೀರು

ಅಂಟವಾಳವನ್ನು ನೊರೆಕಾಯಿ, ಅಂಟಲಕಾಯಿ ಎಂದೂ ಕರೆಯುವರು. ನಮ್ಮ ಭಾಗದ ಜಾತಿಯಲ್ಲಿ ಎರಡು ಮೂರು ಕಾಯಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಗಡಿಗಳಲ್ಲಿ ದೊರೆಯುವ ಗುಂಡನೆಯ ಬಿಡಿ ಕಾಯಿ ಹೆಚ್ಚಾಗಿ ಉತ್ತರ ಭಾರತದ ಜಾತಿ. ಎರಡೂ ಉಪಯುಕ್ತ. ಕಾಯಿಯ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಯ ಪದಾರ್ಥವಿದೆ. ಕರಿಯ ಬೀಜದಿಂದ ನೊರೆ ಬಾರದು. ಸಪೋನಿನ್ ಗಡಸು ನೀರಿನ ಲವಣಗಳೊಡನೆ ಸಾಬೂನಿನಂತೆ ಜಿಡ್ಡು ಕಟ್ಟುವುದಿಲ್ಲ. ಗಡಸು ನೀರಿನ ಊರುಗಳಲ್ಲಿ ಅಂಟವಾಳದ ಮುಖ್ಯ ಲಾಭ ಇದೇ. ಇದು ಕ್ಷಾರವಲ್ಲವಾದ್ದರಿಂದ ರೇಷ್ಮೆ, ಉಣ್ಣೆಗಳ ಎಳೆ ಕೆಡುವುದಿಲ್ಲ. ಅಕ್ಕಸಾಲಿಗರು ಒಡವೆಗಳನ್ನು ಇದರಲ್ಲಿ ತೊಳೆಯುವುದನ್ನು ಎಲ್ಲರೂ ಕಂಡಿದ್ದಾರೆ.

ಮಾಡುವ ವಿಧಾನ:

1. ಒಣಗಿದ ಕಾಯಿಗಳನ್ನು ಒಡೆದು ಬೀಜ ತೆಗೆಯಿರಿ. 100 ಗ್ರಾಂ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿರಿ.

2. ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯ ಮೇಲೆ 20 ನಿಮಿಷ ಕುದಿಸಿರಿ. ನೊರೆ ಉಕ್ಕುವುದರಿಂದ ದೊಡ್ಡ ಪಾತ್ರೆ ಇರಲಿ.

3. ಆರಿದ ಮೇಲೆ ಕಿವುಚಿ, ತೆಳುವಾದ ಬಟ್ಟೆಯಲ್ಲಿ ಸೋಸಿರಿ.

4. ಒಂದು ಬಕೆಟ್ (15 ಲೀಟರ್) ನೀರಿಗೆ ಒಂದು ದೊಡ್ಡ ಲೋಟದಷ್ಟು, ಅಂದರೆ ಸುಮಾರು 150 ರಿಂದ 200 ಮಿಲಿ ಲೀಟರ್ ಬೆರೆಸಿ, ಬಟ್ಟೆಯನ್ನು ಅರ್ಧ ಗಂಟೆ ನೆನೆಸಿ ಹಿಂಡಿ ತೊಳೆಯಿರಿ. ಬೆಚ್ಚನೆಯ ನೀರಾದರೆ ಹೆಚ್ಚು ಪರಿಣಾಮ.

ಈ ನೀರು ಮೂರು ನಾಲ್ಕು ದಿನಗಳಲ್ಲಿ ಹುಳಿತು ನಾರುತ್ತದೆ. ಆದ್ದರಿಂದ ಆಯಾ ಸಲದ ಬೇಡಿಕೆಗೆ ತಕ್ಕಷ್ಟು ಮಾತ್ರ ಮಾಡಿರಿ. ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವರ್ಷವಿಡೀ ಬರುತ್ತದೆ.

ಇಳಕಲ್ ಸೀರೆ, ರೇಷ್ಮೆಯ ಸೀರೆ, ಕಂಬಳಿಗಳಿಗೆ ಇದು ಹೇಳಿ ಮಾಡಿಸಿದಂತಹದು. ಬಣ್ಣ ಬಿಡುವ ಸಂಶಯವಿದ್ದರೆ ಮೊದಲು ಸೆರಗಿನ ಒಳಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ನೋಡಿರಿ. ಕಂಬಳಿಗೆ ತಣ್ಣೀರನ್ನೇ ಬಳಸಿ, ತಿರುಚಿ ಹಿಂಡದೆ ನೆರಳಿನಲ್ಲಿ ಹರಡಿ ಒಣಗಿಸಿರಿ. ಬಿಸಿನೀರು ಮತ್ತು ತಿಕ್ಕಾಟದಿಂದ ಉಣ್ಣೆ ಕುಗ್ಗುತ್ತದೆ.

ಇದರ ಮಿತಿಯನ್ನೂ ಅರಿತಿರಬೇಕು. ಎರೆಮಣ್ಣು ಮೆತ್ತಿದ ಹೊಲದ ಬಟ್ಟೆಗೆ, ಟ್ರ್ಯಾಕ್ಟರಿನ ಗ್ರೀಸಿಗೆ ಅಂಟವಾಳ ಒಂದೇ ಸಾಲದು. ಬಿಳಿ ಬಟ್ಟೆಗೆ ಮತ್ತೆ ಮತ್ತೆ ದಟ್ಟವಾಗಿ ಬಳಸಿದರೆ ಕಂದು ಛಾಯೆ ಬರಬಹುದು. ಕಣ್ಣಿಗೆ ಬಿದ್ದರೆ ಬಹಳ ಉರಿಯುವುದರಿಂದ ಮಕ್ಕಳಿಂದ ದೂರವಿಡಿರಿ. ಸಪೋನಿನ್ ಮೀನಿಗೆ ವಿಷ. ಆದ್ದರಿಂದ ಈ ನೀರನ್ನು ಕೆರೆಗಾಗಲಿ ಮೀನು ಬಿಟ್ಟ ಕೃಷಿ ಹೊಂಡಕ್ಕಾಗಲಿ ಸೇರಿಸಬಾರದು. ತೆಂಗು, ಬಾಳೆಯ ಬುಡಕ್ಕೆ ಬಿಡಬಹುದು.

ಬೂದಿಯ ತಿಳಿನೀರು

ಮಡಿವಾಳರು ಬಿಳಿ ಹತ್ತಿಬಟ್ಟೆಗಳನ್ನು ಸವಳು ಮಣ್ಣಿನ ಇಲ್ಲವೆ ಬೂದಿಯ ನೀರಿನಲ್ಲಿ ಅದ್ದಿ ಉಬ್ಬೆಗೆ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಸವಳು ಮಣ್ಣಿನಲ್ಲಿ ಸೋಡಿಯಂ ಕಾರ್ಬೊನೇಟ್ ಇರುತ್ತವೆ. ಎರಡೂ ಕ್ಷಾರಗಳೇ. ಇವು ಜಿಡ್ಡನ್ನು ಒಡೆಯುವುದಲ್ಲದೆ ನೀರಿನ ಗಡಸುತನವನ್ನೂ ಇಳಿಸುತ್ತವೆ.

ಜರಡಿ ಹಿಡಿದ 1 ಕಿಲೋ ಬೂದಿಯನ್ನು 5 ಲೀಟರ್ ನೀರಿನಲ್ಲಿ ಕಲಕಿ ರಾತ್ರಿಯಿಡೀ ಬಿಡಿರಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಸಿದು, ಬಟ್ಟೆಯಲ್ಲಿ ಸೋಸಿರಿ. ಒಂದು ಬಕೆಟ್ ನೀರಿಗೆ 1 ಲೀಟರ್ ತಿಳಿ ಬೆರೆಸಿ ಬಿಳಿ ಹತ್ತಿಯ ಧೋತರ, ಹಾಸಿಗೆ ಬಟ್ಟೆ, ಒರೆಸುವ ಅರಿವೆಗಳನ್ನು ನೆನೆಸಬಹುದು. ಪ್ಲಾಸ್ಟಿಕ್ಕು, ಬಣ್ಣ ಬಳಿದ ಕಟ್ಟಿಗೆ ಸುಟ್ಟ ಒಲೆಯ ಬೂದಿ ಬೇಡ.

ಬೂದಿಯ ನೀರು ಮುಟ್ಟಿದಾಗ ಬೆರಳು ನುಣುಪಾಗುವುದು ಸ್ವಚ್ಛತೆಯ ಗುರುತಲ್ಲ. ಕ್ಷಾರವು ಚರ್ಮದ ಎಣ್ಣೆಯನ್ನೇ ಸಾಬೂನು ಮಾಡುತ್ತಿರುವ ಗುರುತು ಅದು. ದಿನವೂ ಬರಿಗೈಯಿಂದ ಮುಟ್ಟಿದರೆ ಕೈ ಒಡೆಯುತ್ತದೆ. ರಬ್ಬರ್ ಕೈಗವಸು ಬಳಸಿರಿ. ರೇಷ್ಮೆ, ಉಣ್ಣೆ, ಬಣ್ಣದ ಬಟ್ಟೆಗಳಿಗೆ ಇದನ್ನು ಮುಟ್ಟಿಸಲೇಬಾರದು. ಜರ್ಮನ್ ಪಾತ್ರೆ ಎಂದು ಕರೆಯುವ ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ. ಕಲಾಯಿ ಮಾಡಿದ ಪಾತ್ರೆಯ ಒಳಭಾಗವನ್ನು ಬೂದಿ, ಮರಳಿನಿಂದ ತಿಕ್ಕಿದರೆ ಕಲಾಯಿ ಸವೆಯುತ್ತದೆ. ಎರೆಭೂಮಿ ಮೊದಲೇ ಕ್ಷಾರದ ಕಡೆ ವಾಲಿರುವುದರಿಂದ ಸವಣೂರು ಭಾಗದವರು ಬೂದಿಯ ನೀರನ್ನು ಕೈತೋಟಕ್ಕೆ ಹರಿಸದಿರುವುದು ಒಳ್ಳೆಯದು.

ಹುಳಿಯ ಕೆಲಸ

ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ದೀಪದ ಸಮೆಗಳಿಗೆ ನೆನೆಸಿದ ಹುಣಸೆಹಣ್ಣು ಮತ್ತು ಉಪ್ಪು ಸಾಕು. ಹುಳಿ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡದೆ ತೊಳೆದು ಕೂಡಲೇ ಒಣ ಬಟ್ಟೆಯಿಂದ ಒರೆಸಿರಿ. ಒದ್ದೆಯಾಗಿ ಬಿಟ್ಟರೆ ಮತ್ತೆ ಕಪ್ಪಾಗುತ್ತದೆ. ಹಂಡೆಯ ಬಿಳಿ ಪದರಕ್ಕೆ ಹುಣಸೆಯ ನೀರು ತುಂಬಿ ರಾತ್ರಿಯಿಡೀ ಬಿಡುವ ರೂಢಿ ಸ್ಟೀಲಿನ ಪಾತ್ರೆಗೆ ಸರಿ, ತಾಮ್ರಕ್ಕೆ ಬೇಡ.

ನೆಲ ಒರೆಸಲು ನಿಂಬೆ, ಮೋಸಂಬಿಯ ಸಿಪ್ಪೆಯಿಂದ ದ್ರಾವಣ ಮಾಡಬಹುದು. ಬೆಲ್ಲ 1 ಪಾಲು, ಸಿಪ್ಪೆ 3 ಪಾಲು, ನೀರು 10 ಪಾಲು ತೂಕದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮೂರು ತಿಂಗಳು ಕೊಳೆಯಿಸಿ ಸೋಸಬೇಕು. ಮೊದಲ ತಿಂಗಳು ಅನಿಲ ಹುಟ್ಟುವುದರಿಂದ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿರಿ. ಗಾಜಿನ ಬಾಟಲಿ ಬೇಡ, ಸಿಡಿಯಬಹುದು. ಹುಳಿಯಾದ್ದರಿಂದ ಅಮೃತಶಿಲೆಯ ನೆಲಕ್ಕೆ ಸಲ್ಲದು.

ಕಲೆಗಳಿಗೆ ಚಿಕಿತ್ಸೆ

ಎಲೆ ಅಡಿಕೆಯ ಕೆಂಪು: ಸವಣೂರಿನ ಎಲೆಗೆ ಹೆಸರಿದೆ, ಅದರ ಕಲೆಯೂ ಅಷ್ಟೇ ಬಲವಾದದ್ದು. ಅಡಿಕೆಯ ಒಗರು ಸುಣ್ಣದೊಡನೆ ಕೂಡಿ ಕೆಂಪಾಗಿರುತ್ತದೆ. ಸುಣ್ಣ ಕ್ಷಾರ, ಸಾಬೂನೂ ಕ್ಷಾರ. ಆದ್ದರಿಂದ ಮೊದಲು ಸಾಬೂನು ಹಚ್ಚಿದರೆ ಕಲೆ ಇನ್ನಷ್ಟು ಗಾಢವಾಗುತ್ತದೆ. ಕೂಡಲೇ ನಿಂಬೆರಸ ಅಥವಾ ಹುಳಿಮಜ್ಜಿಗೆ ಹಚ್ಚಿ ತೊಳೆದು, ಆಮೇಲೆ ಸಾಬೂನು ಬಳಸಿರಿ. ಬಾಳೆಯ ಒಗರಿನ ಕಲೆಗೂ ಇದೇ ಕ್ರಮ. ಕಲೆ ಒಣಗಿದ ಮೇಲೆ ಫಲ ಕಡಿಮೆ.

ಅರಿಷಿಣ: ಸಾಬೂನು ತಾಗಿದೊಡನೆ ಕೆಂಪಾಗುತ್ತದೆ, ಹೆದರಬೇಡಿರಿ. ತೊಳೆದು ಬಿಸಿಲಿಗೆ ಹಾಕಿದರೆ ಕ್ರಮೇಣ ಮಾಯವಾಗುತ್ತದೆ.

ಮೆಣಸಿನಕಾಯಿಯ ಕೆಂಪು: ಇದು ಎಣ್ಣೆಯಲ್ಲಿ ಕರಗುವ ಬಣ್ಣ. ಎಣ್ಣೆಯ ಕಲೆಯ ಮೇಲೆ ಕಡಲೆಹಿಟ್ಟು ಉದುರಿಸಿ ಅರ್ಧ ಗಂಟೆ ಬಿಟ್ಟು ಜಾಡಿಸಿ, ದಟ್ಟವಾದ ಅಂಟವಾಳದ ನೀರಿನಿಂದ ತೊಳೆದು ಬಿಸಿಲಿಗೆ ಹಾಕಿರಿ.

ತುಕ್ಕು: ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿನಲ್ಲಿಟ್ಟು ತೊಳೆಯಿರಿ.

ಕೂಡಿಸಬಾರದವು

ನಿಂಬೆರಸ ಮತ್ತು ಸೋಡಾ ಕೂಡಿಸಿದರೆ ನೊರೆ ಉಕ್ಕುವುದನ್ನು ಕಂಡು ಬಲವಾದ ಔಷಧಿಯಾಯಿತೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಹುಳಿ ಕ್ಷಾರವನ್ನು, ಕ್ಷಾರ ಹುಳಿಯನ್ನು ಅಳಿಸಿಹಾಕಿರುತ್ತದೆ. ಇದರಿಂದ ನಷ್ಟವಷ್ಟೇ. ಆದರೆ ಬ್ಲೀಚಿಂಗ್ ಪೌಡರಿಗೆ ನಿಂಬೆ, ಹುಣಸೆ ಅಥವಾ ಪಾಯಿಖಾನೆ ತೊಳೆಯುವ ಆಸಿಡ್ ಸೇರಿಸುವುದು ಪ್ರಾಣಾಪಾಯ. ಅದರಿಂದ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಎಂದಿಗೂ ಈ ತಪ್ಪು ಮಾಡಬೇಡಿರಿ.

ಔಷಧಿ ಸಿಂಪಡಿಸಿದ ಬಟ್ಟೆ

ಹತ್ತಿ, ಮೆಣಸಿನಕಾಯಿ, ತರಕಾರಿ ಬೆಳೆಯುವ ಮನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕೀಟನಾಶಕ ಸಿಂಪಡಿಸಿ ಬಂದವನ ಅಂಗಿಯನ್ನು ಬಹುತೇಕ ಮನೆಗಳಲ್ಲಿ ತೊಳೆಯುವವಳು ಆತನ ಹೆಂಡತಿ ಅಥವಾ ತಾಯಿ. ಸಿಂಪಡಿಸುವವನು ಮೈಮುಚ್ಚಿಕೊಂಡಿರಬಹುದು, ಆಕೆಯ ಕೈ ಬರಿಗೈ. ಈ ಬಟ್ಟೆಗೆ ಅಂಟವಾಳ, ಬೂದಿಗಳನ್ನು ನಂಬಬಾರದು. ಕೆಳಗಿನ ಕ್ರಮವನ್ನು ತಪ್ಪದೆ ಪಾಲಿಸಿರಿ:

1. ಬಟ್ಟೆಯನ್ನು ಆ ದಿನವೇ ತೊಳೆಯಿರಿ. ಮನೆಯ ಇತರ ಬಟ್ಟೆಗಳೊಡನೆ, ಅದರಲ್ಲಿಯೂ ಮಕ್ಕಳ ಬಟ್ಟೆಗಳೊಡನೆ ರಾಶಿ ಹಾಕಬೇಡಿರಿ.

2. ಕೈಗೆ ರಬ್ಬರ್ ಕೈಗವಸು ಇರಲಿ. ಮೊದಲು ಬರಿ ನೀರಿನಲ್ಲಿ ಜಾಲಿಸಿ, ನಂತರ ಬಿಸಿನೀರು ಮತ್ತು ಡಿಟರ್ಜೆಂಟ್ ಪುಡಿಯಲ್ಲಿ ಎರಡು ಸಲ ತೊಳೆದು ಬಿಸಿಲಿಗೆ ಹಾಕಿರಿ.

3. ಬೆರೆಸದ ಔಷಧಿ ಚೆಲ್ಲಿ ನೆನೆದ ಬಟ್ಟೆಯನ್ನು ತೊಳೆದು ಉಡುವ ಆಸೆ ಬಿಡಿರಿ. ಅದನ್ನು ಮತ್ತೆ ಬಳಸಬಾರದು.

4. ಕೆರೆ, ಕಾಲುವೆ, ಬಾವಿಕಟ್ಟೆ, ದನ ನೀರು ಕುಡಿಯುವ ಬಾನಿಯ ಹತ್ತಿರ ತೊಳೆಯಬೇಡಿರಿ. ಆ ಬಕೆಟ್ಟು ಬೇರೆ ಕೆಲಸಕ್ಕೆ ಬೇಡ.

ಹಾಲಿನ ಕ್ಯಾನುಗಳಿಗೂ ಅಂಟವಾಳ, ಬೂದಿ ಬೇಡ. ಮೊದಲು ತಣ್ಣೀರು, ನಂತರ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರು, ಕೊನೆಗೆ ಕುದಿಯುವ ನೀರಿನಿಂದ ತೊಳೆದು ಬಿಸಿಲಿಗೆ ಬೋರಲು ಹಾಕಿರಿ. ರೋಗಿಗಳ ಹತ್ತಿಬಟ್ಟೆಗಳನ್ನು ಹತ್ತು ನಿಮಿಷ ಕುದಿಸಿ ತೊಳೆಯುವುದು ಕ್ಷೇಮ.

ಬದುವಿಗೊಂದು ಅಂಟವಾಳ

ಕಾಯ್ದಿಟ್ಟ ಕಾಡಿಗೆ ಹೋಗಿ ಕಾಯಿ ತರುವ ಬದಲು ಹೊಲದ ಬದುವಿನಲ್ಲಿ ಒಂದೆರಡು ಅಂಟವಾಳದ ಗಿಡ ಬೆಳೆಸುವುದು ಜಾಣತನ. ಬೀಜದ ಸಿಪ್ಪೆ ಗಟ್ಟಿ. ಒಂದು ದಿನ ಬೆಚ್ಚನೆಯ ನೀರಿನಲ್ಲಿ ನೆನೆಸಿ ಪಾಲಿಥೀನ್ ಚೀಲದಲ್ಲಿ ಊರಿ, ಮುಂಗಾರಿನಲ್ಲಿ ನೆಡಬಹುದು. ಫಲಕ್ಕೆ ಹಲವು ವರ್ಷ ಕಾಯಬೇಕು, ಆದರೆ ಒಮ್ಮೆ ಫಲ ಹಿಡಿದರೆ ಮನೆಯ ಬೇಡಿಕೆ ಮೀರಿ ಕಾಯಿ ದೊರೆಯುತ್ತದೆ. ಸೀಗೆ ಮುಳ್ಳಿನ ಬಳ್ಳಿಯಾದ್ದರಿಂದ ಹೊಲಕ್ಕೆ ಜೀವಂತ ಬೇಲಿಯೂ ಆಗುತ್ತದೆ.

ನವಿರಾದ ಬಟ್ಟೆಗೆ ಅಂಟವಾಳ, ಬಿಳಿ ಹತ್ತಿಗೆ ಬೂದಿಯ ತಿಳಿ, ಕಿಲುಬಿಗೆ ಹುಣಸೆ, ಔಷಧಿಯ ಬಟ್ಟೆಗೆ ಡಿಟರ್ಜೆಂಟ್ ಮತ್ತು ಕೈಗವಸು: ಇಷ್ಟನ್ನು ನೆನಪಿಟ್ಟರೆ ಸಾಕು. ರೈತ ಬಾಂಧವರು ಮುಂದಿನ ಸಂತೆಗೆ ಹೋದಾಗ ಮನೆಯವರಿಗಾಗಿ ಒಂದು ಜೊತೆ ರಬ್ಬರ್ ಕೈಗವಸನ್ನು ಮರೆಯದೆ ತರಲಿ.