ಎಂಡೋಸ್ಕೋಪಿಯನ್ನು ಎಲ್ಲಿ ಒಡೆಯಬೇಕು?

1965ರಿಂದ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಇರುವ ದಾವಣಗೆರೆಗೆ ಉದ್ದುದ್ದ ವೈದ್ಯಕೀಯ ಪದಗಳು ಹೊಸತಲ್ಲ. ಎಸ್.ಎಸ್. ಬಡಾವಣೆಯಲ್ಲಿ ‘ಎಂಡೋಸ್ಕೋಪಿ’ ಅಂದರೆ ಯಾರೂ ತಡವರಿಸರು. ಆದರೆ ಇಟಾಲಿಯನ್ ಕಲಿಯುವಾಗ ಅದನ್ನು ಎಲ್ಲಿ ಒಡೆಯಬೇಕು? ಇಟಲಿಯವರು ಅದನ್ನೇ ಎನ್-ದೊ-ಸ್ಕೊ-ಪೀ-ಅ ಎಂದು ಒಡೆಯುತ್ತಾರೆ. ಗಮನಿಸಿ, ‘ಸ್ಕ’ ಮುರಿಯದೆ ಮುಂದಿನ ಸ್ವರಕ್ಕೇ ಅಂಟಿದೆ, ನಮ್ಮ ಒತ್ತಕ್ಷರದಂತೆ. ಹಾಗಾದರೆ ಒಡೆಯುವ ಜಾಗ ತಿಳಿಯಲು ಕನ್ನಡ ಲಿಪಿಯಲ್ಲಿ ಬರೆದರೆ ಸಾಕೇ? ಸಾಲದು. ‘ಕಾರ್ಡಿಯೊ’ ಬಂದಾಗ ಅವರದು ಕಾರ್-ದ್ಯೊ, ನಮ್ಮ ಬರಹದ್ದು ಕಾ-ರ್ಡಿ. ಇಲ್ಲಿ ಕಣ್ಣಿಗಿಂತ ಹೈಸ್ಕೂಲಿನ ಛಂದಸ್ಸೇ ವಾಸಿ: ಒತ್ತಕ್ಷರದ ಹಿಂದಿನದು ಗುರುವಾಗುವುದು, ಮೊದಲ ವ್ಯಂಜನ ಉಚ್ಚಾರಣೆಯಲ್ಲಿ ಹಿಂದಕ್ಕೆ ಸೇರುವುದರಿಂದ. ಆ ಲೆಕ್ಕದಲ್ಲಿ ‘ಸ್ಕೊ’ ಕೂಡ ಒಡೆಯಬೇಕಲ್ಲ ಎನ್ನುವಿರಾ? ನಿಜ, ಇಟಾಲಿಯನ್ ಕಿವಿಗೂ ಅದು ಒಡೆಯುತ್ತದೆ. ಜೊತೆಗಿಡುವುದು ಬರಹದ ಕಟ್ಟಳೆ ಅಷ್ಟೆ.

ಇನ್ನು ಉಚ್ಚಾರಣೆಯಲ್ಲಿ ಬೀಳುವ ಒತ್ತು. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗದು, ನಮಗೇಕೆ ಆ ಗೋಜು ಎಂಬ ಆಕ್ಷೇಪವಿದೆ. ಆದರೆ ನಮಗೆ ಹ್ರಸ್ವ-ದೀರ್ಘದ ಸೂಕ್ಷ್ಮವಿದೆ. ಪದದ ಕೊನೆಯಿಂದ ಎರಡನೆಯ ತುಂಡಿಗೆ ಒತ್ತು ಬಿದ್ದು, ಅದು ಸ್ವರದಲ್ಲಿ ಮುಗಿದರೆ, ಇಟಾಲಿಯನ್ನರು ಆ ಸ್ವರವನ್ನು ಎಳೆಯುತ್ತಾರೆ. ಅವರ ಮಾಮೂಲಿ ಬರಹ ಅದನ್ನು ತೋರಿಸುವುದಿಲ್ಲ, ನಮ್ಮ ‘ಪೀ’ ತೋರಿಸುತ್ತದೆ. ಹೃದ್ರೋಗ ವಿಭಾಗ ಕಾರ್-ದ್ಯೊ-ಲೊ-ಜೀ-ಅ. ಮಕ್ಕಳ ಡಾಕ್ಟರು ಪೆ-ದ್ಯಾ-ತ್ರ, ಒತ್ತು ‘ದ್ಯಾ’ ಮೇಲೆ.